ತೀರ್ಥಹಳ್ಳಿಯ ನನ್ನ ಹೊಲಿಗೆ ಅಂಗಡಿಯ ಇಂಟೀರಿಯರ್ ಕೆಲಸದ ಬಗ್ಗೆ ದೂರು

ತೀರ್ಥಹಳ್ಳಿ
22 ಜುಲೈ 2025

ಇವರಿಗೆ,
ವ್ಯವಸ್ಥಾಪಕರು, ಇಂಟೀರಿಯರ್ ವಿಭಾಗ, ಶಿವಮೊಗ್ಗ

ವಿಷಯ: ಮೊದಲ ಮಳೆಗಾಲಕ್ಕೇ ಉಬ್ಬಿದ ಶೆಲ್ಫು, ಬೂಷ್ಟು ಹಿಡಿದ ಗೋಡೆ

ಮಾನ್ಯರೇ,

ಮಾರ್ಚ್‌ನಲ್ಲಿ ನಿಮ್ಮವರು ನನ್ನ ಅಂಗಡಿಯ ಕೆಲಸ ಮುಗಿಸಿಕೊಟ್ಟರು. ಒಟ್ಟು 1,85,000 ರೂಪಾಯಿ, ಅದರಲ್ಲಿ 1,70,000 ಕೊಟ್ಟಾಗಿದೆ. ಬಂದವರೆಲ್ಲ ಚೆಂದ ಅಂದರು, ಅದನ್ನು ಇಲ್ಲ ಅನ್ನುವುದಿಲ್ಲ. ಆ ಚೆಂದ ಇದ್ದಿದ್ದು ಮಳೆ ಹಿಡಿಯುವ ತನಕ.

ಮೊದಲು ಕಟಿಂಗ್ ಟೇಬಲ್ಲಿನ ಡ್ರಾಯರ್ ಬಿಗಿಯಾಯಿತು. ಈಗ ಇಬ್ಬರು ಎಳೆದರೂ ಬರುವುದಿಲ್ಲ, ನನ್ನ ಕತ್ತರಿ ಒಳಗೇ ಇದೆ. ಸೀರೆ ಇಡುವ ಶೆಲ್ಫಿನ ಅಂಚು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿದೆ. ಊರಿನ ಬಡಗಿಯನ್ನು ಕರೆಸಿದೆ. ಲ್ಯಾಮಿನೇಟ್ ಬಿಟ್ಟ ಜಾಗದಲ್ಲಿ ಅವರು ಉಗುರಿನಿಂದ ಕೆರೆದರೆ ಒದ್ದೆ ಹೊಟ್ಟು ಉದುರಿತು. ‘ಇದು ಪ್ಲೈವುಡ್ ಅಲ್ಲಮ್ಮ, ಪಾರ್ಟಿಕಲ್ ಬೋರ್ಡು’ ಅಂದರು, ಅಂದರೆ ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ ಹಲಗೆ. ಕೊಟೇಶನ್‌ನಲ್ಲಿ ನೀವು ಬರೆದಿದ್ದು ‘ಐಎಸ್ 710 ಮರೈನ್ ಪ್ಲೈ’. ಅದು 72 ಗಂಟೆ ಕುದಿಸಿದರೂ ಪದರ ಬಿಡಬಾರದ ದರ್ಜೆ. ನಾನೇನೂ ಕುದಿಸಲಿಲ್ಲ.

ಇನ್ನು ವಾಲ್‌ಪೇಪರ್. ನಮ್ಮದು ಹಳೇ ಜಂಬಿಟ್ಟಿಗೆ ಗೋಡೆ. ಅದರ ಮೇಲೆ ಇಟ್ಟಿಗೆಯ ಚಿತ್ರ ಅಂಟಿಸಿದಿರಿ! ‘ಮಳೆಗಾಲದಲ್ಲಿ ಈ ಗೋಡೆ ಬೆವರುತ್ತೆ, ನಿಲ್ಲುತ್ತಾ?’ ಅಂತ ಆವತ್ತೇ ಕೇಳಿದ್ದೆ. ‘ವಾಟರ್‌ಪ್ರೂಫ್ ಮೇಡಂ, ಬೆಂಗಳೂರಲ್ಲೆಲ್ಲ ಇದೇ’ ಅಂದರು ನಿಮ್ಮ ಡಿಸೈನರ್. ಇಲ್ಲಿ ತೇವ ಬರುವುದು ಗೋಡೆಯ ಒಳಗಿನಿಂದ. ವಿನೈಲ್ ಹಾಳೆ ಅದನ್ನು ಆರಲು ಬಿಡದೆ ಹಿಂದೆಯೇ ಹಿಡಿದಿಟ್ಟಿದೆ. ಮೂಲೆ ಎತ್ತಿದರೆ ಕಪ್ಪು ಬೂಷ್ಟು. ಸುಮ್ನೆ ಸುಣ್ಣ ಬಳಿದಿದ್ದರೆ ಸಾಕಿತ್ತು, ಅಲ್ವಾ?

ಫಾಲ್ ಹಾಕಲು ಬಂದ ಒಂದು ರೇಷ್ಮೆ ಸೀರೆ ಆ ಶೆಲ್ಫಿನಲ್ಲಿ ನಾಲ್ಕು ದಿನ ಇತ್ತು. ಮಡಿಕೆಯ ಉದ್ದಕ್ಕೂ ಬಿಳಿ ಚುಕ್ಕೆ ಬಂತು. ಡ್ರೈಕ್ಲೀನಿಂಗಿಗೆ 600 ರೂಪಾಯಿ ನಾನೇ ಕೊಟ್ಟೆ. ಸೀರೆಯವರು ಬೈಯಲಿಲ್ಲ. ಆದರೆ ಮುಂದಿನ ಬ್ಲೌಸ್ ಬೇರೆ ಕಡೆ ಹೊಲಿಸಿದರು.

ನಾಲ್ಕು ಸಲ ಫೋನ್ ಮಾಡಿದೆ. ‘ಮಳೆ ನಿಲ್ಲಲಿ, ಬಂದು ನೋಡ್ತೀವಿ’ ಅಂತೀರಿ. ಮಳೆ ನಿಂತ ಮೇಲೆ ಏನು ನೋಡುತ್ತೀರಿ?

ಶೆಲ್ಫು, ಡ್ರಾಯರ್ ಎರಡನ್ನೂ ಬರೆದುಕೊಟ್ಟ ಪ್ಲೈಯಲ್ಲೇ ಮಾಡಿಕೊಡಿ, ಪ್ಲೈ ಹಾಳೆಯ ಮೇಲೆ ಐಎಸ್ಐ ಗುರುತು ನೋಡಿಯೇ ಒಳಗೆ ಬಿಡುತ್ತೇನೆ. ವಾಲ್‌ಪೇಪರ್ ಕಿತ್ತು ಅದರ 22,000 ರೂಪಾಯಿ ವಾಪಸ್ ಕೊಡಿ. ಸೀರೆಯ 600 ಸಹ. ಬಾಕಿ 15,000 ಕೆಲಸ ಸರಿಯಾದ ದಿನವೇ ಕೊಡುತ್ತೇನೆ.

ಹದಿನೈದು ದಿನದಲ್ಲಿ ಯಾರೂ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇದು ನನ್ನ ಹೊಟ್ಟೆಪಾಡಿಗೆ ನಾನೇ ಕೂತು ನಡೆಸುವ ಅಂಗಡಿ, ಹಾಗಾಗಿ ‘ವ್ಯಾಪಾರದವರು ಗ್ರಾಹಕರಲ್ಲ’ ಅನ್ನುವ ಮಾತು ನಡೆಯುವುದಿಲ್ಲ. ಕೊಟೇಶನ್, ರಸೀದಿ, ಫೋಟೋಗಳ ಪ್ರತಿ ಇದರೊಂದಿಗಿದೆ.

ಭಾನುವಾರ ಅಂಗಡಿ ರಜೆ. ಉಳಿದ ದಿನ ಯಾವಾಗ ಬೇಕಾದರೂ ಬನ್ನಿ. ಮೊದಲು ಆ ಕತ್ತರಿ ತೆಗೆದುಕೊಡಿ.

ಇಂತಿ,
ನಿಮ್ಮ ಗ್ರಾಹಕಿ