ಇಜಿಆರ್‌ಗೆ ಪ್ಲೇಟ್ ಬೇಡ, ಮಸಿ ತೆಗೆಸಿ

ಮಾನ್ಯರೆ,

ಡೀಸೆಲ್ ಪಿಕಪ್ ಏರಿನಲ್ಲಿ ಎಳೆಯುತ್ತಿಲ್ಲ, ಕಪ್ಪು ಹೊಗೆ ಕಾರುತ್ತಿದೆ ಎಂದು ಗ್ಯಾರೇಜಿಗೆ ಹೋದರೆ ‘ಇಜಿಆರ್‌ಗೆ ಪ್ಲೇಟ್ ಹಾಕಿಬಿಡೋಣ’ ಎಂಬ ಸಲಹೆ ಬರುತ್ತದೆ. ಇಜಿಆರ್ ಎಂದರೆ ಎಂಜಿನ್ ಹೊರಬಿಟ್ಟ ಅನಿಲವನ್ನು ಅದಕ್ಕೇ ಮರಳಿಸುವ ವ್ಯವಸ್ಥೆ. ಅದರ ವಾಲ್ವಿನ ದಾರಿಗೆ ತಗಡು ಕೂರಿಸಿದರೆ ಹೊಗೆ ಇಳಿಯುವುದು ನಿಜ. ಆದರೆ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್‌ಗಳು ಏರುತ್ತವೆ. ಶ್ವಾಸಕೋಶವನ್ನು ಕೆರಳಿಸುವ ಈ ಅನಿಲಗಳೇ ಬಿಸಿಲಿನಲ್ಲಿ ಓಝೋನ್ ಹುಟ್ಟಿಗೂ ಕಾರಣ.

ಎಂಜಿನ್ನಿನಿಂದ ಹೊರಬಿದ್ದ ಅನಿಲದ ಒಂದು ಪಾಲನ್ನು ಇಜಿಆರ್ ಮತ್ತೆ ಇನ್‌ಟೇಕ್‌ಗೆ (ಗಾಳಿ ಒಳಹೋಗುವ ದಾರಿಗೆ) ಕಳಿಸಿ ಸಿಲಿಂಡರಿನೊಳಗಿನ ಉರಿಯ ತಾಪ ತಗ್ಗಿಸುತ್ತದೆ; ತಾಪ ತಗ್ಗಿದರೆ ಈ ಆಕ್ಸೈಡ್‌ಗಳೂ ತಗ್ಗುತ್ತವೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಘಾಟಿ ಹತ್ತುವಾಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಈ ವಾಲ್ವನ್ನು ಹೆಚ್ಚುಕಡಿಮೆ ಮುಚ್ಚಿಯೇ ಇಟ್ಟಿರುತ್ತದೆ. ಆದ್ದರಿಂದ ಆಗ ಗಾಡಿ ಸೋತರೆ ನೋಡಬೇಕಾದದ್ದು ಮಸಿ ಕಟ್ಟಿ ತೆರೆದೇ ಸಿಕ್ಕಿಕೊಂಡ ವಾಲ್ವ್, ಕಟ್ಟಿದ ಏರ್ ಫಿಲ್ಟರ್, ಸೀಳಿದ ಟರ್ಬೊ ಹೋಸ್.

ಮೊದಲು ಸ್ಕ್ಯಾನರ್ ಹಾಕಿಸಿ. ಪಿ0401 ಎಂಬ ದೋಷದ ಕೋಡ್ ಬಂದರೆ ಇಜಿಆರ್ ಹರಿವು ಸಾಲದು, ಪಿ0402 ಬಂದರೆ ಅತಿಯಾಗಿದೆ. ಎಂಜಿನ್ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ವಾಲ್ವ್ ಬಿಚ್ಚಿ, ಕಾರ್ಬ್ ಕ್ಲೀನರ್ ಹೊಡೆದು ಮಸಿ ನೆನೆಯಲು ಬಿಟ್ಟು ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು. ಸ್ಕ್ರೂ ಡ್ರೈವರಿನಿಂದ ಕೆರೆದರೆ ವಾಲ್ವಿನ ಸೀಟು ಗೀರಿ ಸೋರಿಕೆ ಶುರುವಾಗುತ್ತದೆ. ವಾಲ್ವಿನ ವಿದ್ಯುತ್ ಮೋಟರ್ ಇರುವ ಭಾಗವನ್ನು ದ್ರಾವಣದಲ್ಲಿ ಅದ್ದಲೇಬಾರದು. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕುವ ಜಿಪುಣತನ ಬೇಡ. ಇನ್‌ಟೇಕ್ ಮ್ಯಾನಿಫೋಲ್ಡನ್ನೂ ನೋಡಿ: ಬ್ರೀದರಿನಿಂದ (ಎಂಜಿನ್ನಿನ ಆವಿ ಹೊರಬಿಡುವ ಕೊಳವೆಯಿಂದ) ಬರುವ ಆಯಿಲ್ ಆವಿ ಮಸಿಯೊಂದಿಗೆ ಬೆರೆತು ಅಲ್ಲಿ ಡಾಂಬರಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಬಿಟ್ಟು ವಾಲ್ವನ್ನಷ್ಟೇ ತೊಳೆದರೆ ಕೆಲಸ ಅರ್ಧವೇ. ಜೋಡಿಸಿದ ಮೇಲೆ, ಆ ಸೌಲಭ್ಯವಿರುವ ಗಾಡಿಗಳಲ್ಲಿ, ಸ್ಕ್ಯಾನರಿನಿಂದ ವಾಲ್ವಿನ ಲರ್ನಿಂಗ್ ರೀಸೆಟ್ (ಇಸಿಯು ವಾಲ್ವಿನ ಸ್ಥಾನವನ್ನು ಹೊಸದಾಗಿ ಗುರುತಿಸಿಕೊಳ್ಳುವಂತೆ) ಮಾಡಿಸಬೇಕು.

ಹೊರಗೆಲ್ಲೂ ಸೋರದೆ ಕೂಲಂಟ್ ಇಳಿಯುತ್ತಾ ಬಿಳಿ ಹೊಗೆ ಬಂದರೆ ಇಜಿಆರ್ ಕೂಲರ್ ಒಳಗೇ ತೂತಾಗಿರಬಹುದು. ಸಿಲಿಂಡರಿಗೆ ಕೂಲಂಟ್ ತುಂಬಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಅಂಥ ಗಾಡಿಯನ್ನು ಓಡಿಸುತ್ತಲೇ ಇರಬೇಡಿ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ(4) ಸೆಕ್ಷನ್ ಪ್ರಕಾರ, ಇಜಿಆರ್‌ಗೆ ಪ್ಲೇಟ್ ಹಾಕುವಂಥ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ ₹5,000 ದಂಡ ಅಥವಾ 6 ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು. ಆದರೆ ಪತ್ತೆ ಹಚ್ಚುವವರು ಯಾರು? ಡೀಸೆಲ್ ವಾಹನದ ಪಿಯುಸಿ ತಪಾಸಣೆಯಲ್ಲಿ, ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಹೊಗೆಯ ಸಾಂದ್ರತೆಯನ್ನಷ್ಟೇ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡ್ ಲೆಕ್ಕಕ್ಕೇ ಇಲ್ಲ. ಪ್ಲೇಟ್ ಹಾಕಿದ ಪಿಕಪ್ ಅಲ್ಲಿ ಸಲೀಸಾಗಿ ಪಾಸಾಗುತ್ತದೆ. ಸಾರಿಗೆ ಇಲಾಖೆಯವರು ಎಫ್‌ಸಿ (ವಾಹನದ ಅರ್ಹತಾ ಪತ್ರ) ತಪಾಸಣೆ ವೇಳೆ ಇಜಿಆರ್ ಪೈಪಿನ ಜೋಡಣೆಯನ್ನು ಕಣ್ಣಾರೆ ನೋಡಿ, ಗಾಡಿಯ ದೋಷ ಓದುವ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಹಚ್ಚಿ ದಾಖಲಾದ ಕೋಡ್‌ಗಳನ್ನು ಓದಲಿ. ಗಾಡಿಯೊಂದಕ್ಕೆ ಕೆಲವೇ ನಿಮಿಷಗಳ ಕೆಲಸವಿದು.

– ಡೀಸೆಲ್ ಮೆಕ್ಯಾನಿಕ್, ತುಮಕೂರು