ಗಂಟು ತಾಗಿದ ದಿನದಿಂದ ಉತ್ತರ ಸಿಗುವ ದಿನದವರೆಗೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಮಂಗಳೂರಿನಿಂದ ಗೌರವಪೂರ್ವಕ ವಂದನೆಗಳು.

ನನ್ನ ದೊಡ್ಡಮ್ಮ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ. ಎರಡು ವರ್ಷದ ಹಿಂದೆ ಸ್ನಾನ ಮಾಡುವಾಗ ಅವರ ಎಡ ಸ್ತನದಲ್ಲಿ ಗಂಟೊಂದು ಕೈಗೆ ತಾಗಿತು. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯುವಾಗ ನಾಲ್ಕು ತಿಂಗಳು ದಾಟಿತ್ತು. ಆ ನಾಲ್ಕು ತಿಂಗಳ ಬಗ್ಗೆ ತಮ್ಮಲ್ಲಿ ಮಾತಾಡಬೇಕಾಗಿದೆ.

ನೋವಿಲ್ಲವೆಂದು ಮೊದಲ ಮೂರು ವಾರ ಸುಮ್ಮನಿದ್ದವರು ದೊಡ್ಡಮ್ಮನೇ. ಉಳಿದದ್ದೆಲ್ಲ ಕಾಯಿಸಿದ ಕಾಲ. ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಮ್‌ಗೆ ದಿನಾಂಕ ಸಿಕ್ಕಿದ್ದು ಐದು ವಾರದ ಮೇಲೆ. ಸೋನೋಗ್ರಾಮ್ (ಅಲ್ಟ್ರಾಸೌಂಡ್ ಸ್ಕ್ಯಾನ್) ಇನ್ನೊಂದು ಕಡೆ. ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಹೋದಲ್ಲಿ, ಹಳೆಯ ಫಿಲ್ಮ್ ಸ್ಪಷ್ಟವಿಲ್ಲ, ಮತ್ತೊಮ್ಮೆ ತೆಗೆಸಿಕೊಂಡು ಬನ್ನಿ ಎಂದರು. ಪ್ರತಿ ಸಲವೂ ಎರಡು ಬಸ್ಸು, ಒಂದು ದಿನದ ಮಜೂರಿ ನಷ್ಟ, ಜೊತೆಗೆ ಬರುವವರ ಕೆಲಸವೂ ಹಾಳು. ಫಿಲ್ಮ್ ಇಟ್ಟ ದೊಡ್ಡ ಲಕೋಟೆ ಮಳೆಗೆ ನೆನೆಯದಂತೆ ಅವರು ಅದನ್ನು ಅಕ್ಕಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದರು.

ಕೊನೆಗೆ ವೈದ್ಯರು ಆ ಫಿಲ್ಮನ್ನು ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಬೂದು ಬಣ್ಣದ ನಡುವೆ ಚಿಟಿಕೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಅವು ಸುಣ್ಣದಂಶದ ಕಣಗಳು. ಗಂಟು ಕೈಗೆ ತಾಗುವ ಮೊದಲೇ ಇಂಥವು ಚಿತ್ರದಲ್ಲಿ ಕಾಣಿಸುವುದುಂಟು ಎಂದರು. ದೊಡ್ಡಮ್ಮ ಮಾತಾಡಲಿಲ್ಲ. ಹೊಗೆಸೊಪ್ಪಿನ ಕಂದು ಹಿಡಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕುಳಿತಿದ್ದರು.

ವಿಜ್ಞಾನ ಬಹಳ ಮುಂದೆ ಹೋಗಿದೆ, ಸಚಿವರೇ. ದಟ್ಟ ಸ್ತನದಲ್ಲಿ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ; ಸಾಮಾನ್ಯ ಮ್ಯಾಮೊಗ್ರಾಮ್‌ನಲ್ಲಿ ಹುಡುಕುವುದು ಹಾಲಿನೊಳಗೆ ಬಿದ್ದ ಅನ್ನದ ಅಗುಳನ್ನು ಹುಡುಕಿದಂತೆ. ಅದಕ್ಕಾಗಿ ಪದರ ಪದರವಾಗಿ ಚಿತ್ರ ತೆಗೆಯುವ ಟೊಮೊಸಿಂಥೆಸಿಸ್ ಬಂದಿದೆ, ಎಂಆರ್‌ಐ ಇದೆ. ಸ್ವೀಡನ್‌ನಲ್ಲಿ ಚಿತ್ರ ಓದಲು ಕೃತಕ ಬುದ್ಧಿಮತ್ತೆಯ ನೆರವು ಪಡೆಯುವ ಬಗ್ಗೆ 80 ಸಾವಿರ ಮಹಿಳೆಯರ ಮೇಲೆ ನಡೆದ ಅಧ್ಯಯನದ ಮೊದಲ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರತಿ ಚಿತ್ರವನ್ನು ಇಬ್ಬರು ವೈದ್ಯರು ಓದುವುದು ವಾಡಿಕೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಓದಿದ ಗುಂಪಿನಲ್ಲಿ 244 ಕ್ಯಾನ್ಸರ್ ಪತ್ತೆಯಾದರೆ, ವಾಡಿಕೆಯಂತೆ ಓದಿದ ಗುಂಪಿನಲ್ಲಿ 203. ಓದುವ ಕೆಲಸದ ಹೊರೆ 44 ಶೇಕಡಾ ಇಳಿಯಿತು. ಚಿತ್ರ ಓದುವ ತಜ್ಞರ ಕೊರತೆ ಇರುವ ನಮಗೆ ಇದು ಸಣ್ಣ ಸುದ್ದಿಯಲ್ಲ. ಆದರೆ ಅದು ಸ್ವೀಡನ್ನಿನ ಮಹಿಳೆಯರ ಮೇಲೆ ಪರೀಕ್ಷಿಸಿದ್ದು. ನಮ್ಮಲ್ಲಿ ಸ್ತನ ಕ್ಯಾನ್ಸರ್ ಅಲ್ಲಿಗಿಂತ ಕಡಿಮೆ ವಯಸ್ಸಿಗೇ ಬರುತ್ತದೆ. ಇಲ್ಲಿನವರ ಚಿತ್ರಗಳ ಮೇಲೆ ಪರೀಕ್ಷಿಸದೆ ಅಂಥ ತಂತ್ರಾಂಶವನ್ನು ಕೊಳ್ಳಬೇಡಿ.

ಚಿಕಿತ್ಸೆಯೂ ಈಗ ಎಲ್ಲರಿಗೂ ಒಂದೇ ಅಲ್ಲ. ದೊಡ್ಡಮ್ಮನ ಗಡ್ಡೆ ಹಾರ್ಮೋನಿಗೆ ಸ್ಪಂದಿಸುವ ಬಗೆಯದು ಎಂದು ಬಯಾಪ್ಸಿಯಲ್ಲಿ ತಿಳಿದ ಕಾರಣ ಅವರು ಈಗ ದಿನಕ್ಕೊಂದು ಮಾತ್ರೆ ನುಂಗುತ್ತಾರೆ. ಮೂಳೆಗೂ ಯಕೃತ್ತಿಗೂ ಹಬ್ಬಿಲ್ಲವೆಂದು ಮೈಯೆಲ್ಲ ನೋಡುವ ಪೆಟ್ ಸಿಟಿ ಸ್ಕ್ಯಾನ್ ಹೇಳಿದ ಮೇಲೆ ಶಸ್ತ್ರಚಿಕಿತ್ಸೆಯ ದಾರಿ ಗೊತ್ತಾಯಿತು. ಆ ಪೆಟ್ ಸಿಟಿಗೆ ದೊಡ್ಡಮ್ಮ ಕಿವಿಯ ಬೆಂಡೋಲೆ ಅಡವಿಟ್ಟರು. ಐದು ಲಕ್ಷ ರೂಪಾಯಿಯ ಆಯುಷ್ಮಾನ್ ಕಾರ್ಡು ಪರ್ಸಿನಲ್ಲೇ ಇತ್ತು. ಆಸ್ಪತ್ರೆಗೆ ದಾಖಲಾದ ಮೇಲಿನ ಚಿಕಿತ್ಸೆಗಷ್ಟೇ ಅದು ನೆರವಿಗೆ ಬಂತು.

ಎಲ್ಲ ಹೆಂಗಸರಿಗೂ ಮ್ಯಾಮೊಗ್ರಾಮ್ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಂತ್ರವೇ ಇರಲಿಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು 30 ಶೇಕಡಾ ಕಡಿಮೆಯಾಯಿತು. ನಿಮ್ಮ ಇಲಾಖೆಯ ಗೃಹ ಆರೋಗ್ಯ ಯೋಜನೆ 30 ದಾಟಿದವರ ಮನೆ ಬಾಗಿಲಿಗೇ ಬರುತ್ತದೆ. ಅದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತಿದ್ದೇನೆ. ಆದರೆ ಗಂಟು ಇದೆ ಎಂದು ಹೇಳಿ ಹೋದ ಮರುದಿನ ಆ ಹೆಂಗಸು ಎಲ್ಲಿಗೆ ಹೋಗಬೇಕು?

ನನ್ನ ಬೇಡಿಕೆ ಒಂದೇ. ಗಂಟು ಸಿಕ್ಕವರಿಗೆ 15 ದಿನದೊಳಗೆ ಉತ್ತರ ಕೊಡಿ: ಚಿತ್ರ, ಅದರ ಓದು, ಬೇಕಿದ್ದರೆ ಬಯಾಪ್ಸಿ, ಎಲ್ಲವೂ ಸೇರಿ. ಈ ಗಡುವು ಸರ್ಕಾರಿ ಆದೇಶದಲ್ಲಿರಲಿ. ದಾಖಲಾಗುವ ಮೊದಲಿನ ಸ್ಕ್ಯಾನ್‌ಗಳ ವೆಚ್ಚವನ್ನೂ ಯೋಜನೆಯೊಳಗೆ ತನ್ನಿ. ಒಮ್ಮೆ ತೆಗೆದ ಚಿತ್ರ ರೋಗಿಯ ಡಿಜಿಟಲ್ ಆರೋಗ್ಯ ಗುರುತಾದ ಆಭಾ ಸಂಖ್ಯೆಯ ಜೊತೆ ಉಳಿದು, ಮಂಗಳೂರಿನ ಸರ್ಕಾರಿ ಆಸ್ಪತ್ರೆಯಾದ ವೆನ್‌ಲಾಕ್‌ನ ವೈದ್ಯರಿಗೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರಿಗೂ ತೆರೆಯುವಂತಿರಲಿ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದ ದಿನವೂ ಚಿತ್ರ ಬೆಂಗಳೂರು ತಲಪುತ್ತದೆ.

ಓದುವವರು ಎಲ್ಲಿದ್ದಾರೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಇಲ್ಲೇ ಇದ್ದಾರೆ. ಮಂಗಳೂರಿನಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ, ಒಂದೊಂದರಲ್ಲೂ ಇಂಥ ಚಿತ್ರ ಓದುವ ರೇಡಿಯಾಲಜಿ ವಿಭಾಗವಿದೆ. 1848ರಿಂದ ಈ ಊರಿನ ಬಡವರನ್ನು ನೋಡಿಕೊಂಡ ವೆನ್‌ಲಾಕ್‌ನ ಹಾಸಿಗೆಗಳ ಬಳಿ ನಿಂತೇ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ (ಕೆಎಂಸಿ) ವಿದ್ಯಾರ್ಥಿಗಳು 1955ರಿಂದ ವೈದ್ಯರಾಗುತ್ತಾ ಬಂದರು. ಕಾಲೇಜುಗಳೆಲ್ಲ ಸರದಿಯಂತೆ ದಿನಕ್ಕೆ ಒಂದು ಗಂಟೆ ತಾಲೂಕು ಆಸ್ಪತ್ರೆಗಳ ಚಿತ್ರ ಓದಿಕೊಡಲಿ. ಕರೆದು ಕೂರಿಸಿ ಮಾತಾಡಿ. ನೀವು ಕರೆದರೆ ಬರುತ್ತಾರೆ.

ದೊಡ್ಡಮ್ಮ ಈಗ ಮತ್ತೆ ಬೀಡಿ ಕಟ್ಟುತ್ತಿದ್ದಾರೆ, ಮೊದಲಿನ ಅರ್ಧದಷ್ಟು. ಕಳೆದ ವಾರ ಬೀಡಿ ಬ್ರಾಂಚಿನ ಸಾಲಿನಲ್ಲಿ ನಿಂತಿದ್ದಾಗ ನೆರೆಮನೆಯ ಹೆಂಗಸೊಬ್ಬರು ಅವರನ್ನು ಪಕ್ಕಕ್ಕೆ ಕರೆದು, ಕಂಕುಳ ಹತ್ತಿರ ತನಗೂ ಏನೋ ತಾಗುತ್ತಿದೆ ಎಂದರಂತೆ. ಅವರಿಗೆ 43 ವರ್ಷ. ಮರುದಿನವೇ ದೊಡ್ಡಮ್ಮ ಅವರನ್ನು ಕರೆದುಕೊಂಡು ಪೇಟೆಗೆ ಬಂದರು. ಮ್ಯಾಮೊಗ್ರಾಮ್‌ಗೆ ಸಿಕ್ಕಿದ ದಿನಾಂಕ ಮುಂದಿನ ತಿಂಗಳ 23.

ಇಂತಿ,
ಮಂಗಳೂರಿನ ಒಬ್ಬ ನಾಗರಿಕಳು