ಸಹಾಯಾರ್ಥ ಅಂಗಡಿಗೆ ಹೋಗಿ ಬಂದವರ ಗಮನಕ್ಕೆ

ಎಲ್ರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸಹಾಯಾರ್ಥ ಅಂಗಡಿಯಲ್ಲಿ (ಅದೇ, ಹಳೇ ಬಟ್ಟೆ-ಪಾತ್ರೆ ಮಾರಿ ಬಂದ ದುಡ್ಡಲ್ಲಿ ಮಕ್ಕಳ ಫೀಸು ಕಟ್ಟೋದು) ಏನಾದ್ರೂ ಕೊಂಡವರು ಭಾನುವಾರದೊಳಗೆ ನಿಮ್ಮ ಅನುಭವ ಇಲ್ಲೇ ಬರೀರಿ. ಹೊಗಳಿಕೆ ಮಾತ್ರ ಅಲ್ಲ, ದೂರೂ ಇರಲಿ.

ನಂದು ಮೊದಲು. ಹೋದ ವಾರ 120 ರೂಪಾಯಿಗೆ ಉಣ್ಣೆ ಸ್ವೆಟರ್ ತಗೊಂಡೆ. ಮೊಣಕೈ ಹತ್ರ ಒಂದೆಳೆಯೂ ಸವೆದಿಲ್ಲ. ಮನೆಗೆ ಬಂದು ಜೇಬಿಗೆ ಕೈ ಹಾಕಿದ್ರೆ ಮೂರು ಒಣ ಕಾಫಿ ಬೀಜ! ಯಾವ ತೋಟದ್ದೋ. ಮುಗ್ಗಲು ವಾಸನೆ ಮಾತ್ರ ಎರಡು ಸಲ ಒಗೆದು ಬಿಸಿಲಿಗೆ ಹಾಕಿದ ಮೇಲೇ ಹೋಗಿದ್ದು. ಚಿಕ್ಕಮಗಳೂರಿನ ಮಳೇಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯತ್ತೆ, ಅಂಗಡಿಯವರನ್ನ ಏನಂತ ಬೈಯೋದು.

ಬೇಜಾರಾಗಿದ್ದು ಬೇರೆ ವಿಷಯಕ್ಕೆ. ತೋಟದ ಕೆಲಸದ ಹೆಂಗಸೊಬ್ಬರು ಕಂಬಳಿ ಬೆಲೆ ಎರಡನೇ ಸಲ ಕೇಳಿದ್ದಕ್ಕೆ ಗಲ್ಲಾದಲ್ಲಿದ್ದವರು ಸಿಡುಕಿದ್ರು. ಬೆಲೆ ಚೀಟಿ ಅಂಟಿಸಿದ್ರೆ ಆ ಮಾತೇ ಬರ್ತಿರಲಿಲ್ಲ. ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಕೊಯ್ಲು ಶುರು. ಹೊರಗಿಂದ ಬರೋ ಆಳುಗಳಿಗೆ ಆ ಚಳೀಲಿ ಕಂಬಳಿ ಬೇಕೇ ಬೇಕು.

ಕೊಳ್ಳುವಾಗ ಜಿಪ್ಪು ಎಳೆದು, ಹೊಲಿಗೆ ಬೆಳಕಿಗೆ ಹಿಡಿದು ನೋಡಿ, ವಾಪಸ್ ತಗೊಳಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಆದ್ರೆ ಅಲ್ಲೇ ಪ್ಲಗ್ ಹಾಕ್ಸಿ. ಕೊಡುವವರೇ, ಒಗೆದು ಕೊಡಿ ಮಾರಾಯ್ರೆ. ಬಾಳೆ ಕಲೆ ಆಗಿದ್ದನ್ನ ಮನೇಲೇ ಒರೆಸೋ ಬಟ್ಟೆ ಮಾಡ್ಕೊಳ್ಳಿ.

ಬಂದದ್ದನ್ನೆಲ್ಲ ಸೋಮವಾರ ಹೆಸರಿಲ್ಲದೆ ಅಂಗಡಿಯವರಿಗೆ ಓದಿ ಹೇಳ್ತೀನಿ. ಅಲ್ಲೀವರೆಗೆ ಗುಡ್ ಮಾರ್ನಿಂಗ್ ಚಿತ್ರ ದಯವಿಟ್ಟು ಬೇಡ.